ಎರಡನೇ ಚೀಟಿ ಎಲ್ಲಿದೆ?

ಮಕ್ಕಳೇ, ಪವರ್ ಬಟನ್ ಒತ್ತಿದ ತಕ್ಷಣ ಕಂಪ್ಯೂಟರಿಗೆ ಏನೇನು ಗೊತ್ತಿರುತ್ತದೆ ಹೇಳಿ? ಹೆಚ್ಚೇನೂ ಇಲ್ಲ. ಆಗ ಅದರ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಕೆಲಸಕ್ಕೆ ಬರುವಂಥದ್ದು ಏನೂ ಇರುವುದಿಲ್ಲ. ವಿಂಡೋಸ್ ಇರುವುದು ಡಿಸ್ಕಿನಲ್ಲಿ. ಅದನ್ನು ಅಲ್ಲಿಂದ ರ‍್ಯಾಮ್‌ಗೆ ತರಲು ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಮೂ ಡಿಸ್ಕಿನಲ್ಲೇ ಇದ್ದರೆ ಅದನ್ನು ತರುವವರು ಯಾರು?

ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ದಾರಿ ನಿಧಿ ಹುಡುಕುವ ಆಟದ ಹಾಗಿದೆ. ಒಂದು ಚೀಟಿಯಲ್ಲಿ ಮುಂದಿನ ಚೀಟಿ ಎಲ್ಲಿದೆ ಎಂದಷ್ಟೇ ಬರೆದಿರುತ್ತದೆ. ಮೊದಲ ಚೀಟಿ ಇರುವುದು ಮದರ್‌ಬೋರ್ಡಿನ ಮೇಲಿನ ಪುಟ್ಟ ಚಿಪ್ಪಿನಲ್ಲಿ. ಕರೆಂಟ್ ಹೋದರೂ ಅದು ಅಳಿಸಿಹೋಗುವುದಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಇದಕ್ಕೆ ಬಯಾಸ್ ಎನ್ನುತ್ತಿದ್ದರು, ಈಗಿನದು ಯುಇಎಫ್‌ಐ. ಇದು ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಎಂಬ ಸಣ್ಣ ಜಾಗವನ್ನು ಹುಡುಕುತ್ತದೆ. ಸಾಮಾನ್ಯವಾಗಿ 100 ಎಂಬಿಯಷ್ಟಿರುವ ಆ ಜಾಗದಲ್ಲಿ ಬೂಟ್ ಲೋಡರ್ ಎಂಬ ಪ್ರೋಗ್ರಾಂ ಕೂತಿರುತ್ತದೆ. ಎರಡನೇ ಚೀಟಿ ಅದೇ. ವಿಂಡೋಸ್ ಎಲ್ಲಿದೆ ಎಂಬುದು ಅದಕ್ಕೆ ಗೊತ್ತು.

ಈಗ ಒಂದು ಸಮಸ್ಯೆ ಕೊಡುತ್ತೇನೆ. ಮನೆಯ ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಹಾಕಿ, ಅದರಲ್ಲಿ ಹೊಸದಾಗಿ ವಿಂಡೋಸ್ ಹಾಕಿದಿರಿ ಎನ್ನಿ. ಹಳೆಯ ಹಾರ್ಡ್ ಡಿಸ್ಕೂ ಒಳಗೇ ಇದೆ. ಕಂಪ್ಯೂಟರ್ ಮೊದಲಿಗಿಂತ ಎಷ್ಟೋ ಬೇಗ ಶುರುವಾಗುತ್ತದೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗಬೇಕು, ಓದುವ ತಲೆ ಸರಿಯಾದ ಜಾಗಕ್ಕೆ ಸರಿಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದರ ಫ್ಲ್ಯಾಶ್ ಚಿಪ್ಪಿನಲ್ಲಿ ಕೋಟಿಗಟ್ಟಲೆ ಕೋಶಗಳಿವೆ. ಪ್ರತಿ ಕೋಶದಲ್ಲೂ ಎಲೆಕ್ಟ್ರಾನುಗಳನ್ನು ಕೂಡಿಹಾಕಲು ಸುತ್ತ ವಿದ್ಯುತ್ ಹರಿಯದ ಪದರ ಕಟ್ಟಿರುತ್ತಾರೆ. ಕರೆಂಟ್ ಇಲ್ಲದಿದ್ದರೂ ಅವು ಬಹುಕಾಲ ಅಲ್ಲೇ ಇರುತ್ತವೆ. ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ಈ ಫ್ಲ್ಯಾಶ್ ಮೆಮೊರಿಯನ್ನು ಲೋಕಕ್ಕೆ ತೋರಿಸಿದರು. ಎಸ್‌ಎಸ್‌ಡಿಯಲ್ಲಿಟ್ಟ ನಿಮ್ಮ ಫೋಟೊಗಳೆಲ್ಲ ಹೀಗೆ ಸೆರೆಸಿಕ್ಕ ಎಲೆಕ್ಟ್ರಾನುಗಳು ಎಂದು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ.

ಕೆಲವು ದಿನ ಕಳೆದ ಮೇಲೆ ಹಳೆಯ ಡಿಸ್ಕನ್ನು ಕಳಚಿಡುತ್ತೀರಿ. ಬಟನ್ ಒತ್ತಿದರೆ ಕಪ್ಪು ಪರದೆ, ‘ಬೂಟ್ ಡಿವೈಸ್ ಸಿಗುತ್ತಿಲ್ಲ’ ಎಂಬ ಒಂದು ಸಾಲು! ಹಳೆಯದನ್ನು ಮತ್ತೆ ಜೋಡಿಸಿದರೆ ಎಲ್ಲ ಸರಿ. ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ ತಾನೇ?

ಹೊಸ ಎಸ್‌ಎಸ್‌ಡಿ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಚೀಟಿಗಳನ್ನು ಮೊದಲಿನಿಂದ ನೋಡುತ್ತಾ ಬನ್ನಿ. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ, ಬಹುಪಾಲು ಕಂಪ್ಯೂಟರುಗಳಲ್ಲಿ ಯುಇಎಫ್‌ಐ ಪರದೆ ತೆರೆಯುತ್ತದೆ. ಅಲ್ಲಿ ಎಸ್‌ಎಸ್‌ಡಿಯ ಹೆಸರು ಕಾಣದಿದ್ದರೆ ಕೇಬಲ್ ಸಡಿಲವಾಗಿರಬಹುದು. ಕಂಡರೆ ಮೊದಲ ಚೀಟಿ ಸರಿಯಿದೆ. ಆಮೇಲೆ ಎರಡೂ ಡಿಸ್ಕ್ ಜೋಡಿಸಿ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕ್ 0, ಡಿಸ್ಕ್ 1 ಎಂದು ಎರಡು ಸಾಲು. ಎಸ್‌ಎಸ್‌ಡಿಯ ಸಾಲಿನಲ್ಲಿ ಸಿ ಡ್ರೈವ್ ಇದೆ. ಆದರೆ 100 ಎಂಬಿಯ ಆ ಇಎಫ್‌ಐ ಪಟ್ಟಿ? ಅದು ಹಳೆಯ ಡಿಸ್ಕಿನ ಸಾಲಿನಲ್ಲಿದೆ!

ವಿಂಡೋಸ್ ಹಾಕುವಾಗ ಇನ್‌ಸ್ಟಾಲರ್‌ಗೆ ಹಳೆಯ ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಕಂಡಿತು. ಇರುವಾಗ ಇನ್ನೊಂದು ಏಕೆ ಎಂದು ಬೂಟ್ ಲೋಡರನ್ನು ಅಲ್ಲೇ ಇಟ್ಟುಬಿಟ್ಟಿತು. ಡಿಸ್ಕ್ ಕಳಚಿದಾಗ ಎರಡನೇ ಚೀಟಿಯೂ ಅದರ ಜೊತೆ ಹೊರಗೆ ಹೋಯಿತು.

ಇದನ್ನು ಮನೆಯ ದೊಡ್ಡವರ ಜೊತೆ ಕೂತು ಸರಿಮಾಡಿ. ಎಸ್‌ಎಸ್‌ಡಿಯಲ್ಲಿ ಉಳಿಸಿಕೊಳ್ಳಬೇಕಾದದ್ದು ಇದ್ದರೆ ಮೊದಲು ಪ್ರತಿ ಮಾಡಿಡಿ. ಪ್ಲಗ್ ಕಿತ್ತು, ಹಳೆಯ ಡಿಸ್ಕಿನ ಕೇಬಲ್ ತೆಗೆದು, ಎಸ್‌ಎಸ್‌ಡಿ ಒಂದನ್ನೇ ಒಳಗೆ ಬಿಟ್ಟು, ಪೆನ್ ಡ್ರೈವಿನಿಂದ ವಿಂಡೋಸನ್ನು ಮತ್ತೆ ಹಾಕಿ. ಇನ್‌ಸ್ಟಾಲರ್ ತೋರಿಸುವ ಎಸ್‌ಎಸ್‌ಡಿಯ ಹಳೆಯ ಪಾರ್ಟಿಷನ್‌ಗಳನ್ನು ಅಳಿಸಬೇಕು. ಹಳೆಯ ಡಿಸ್ಕ್ ಹೊರಗಿದೆಯಲ್ಲ, ಅದರಲ್ಲಿನ ಫೋಟೊಗಳು ಕೈತಪ್ಪಿ ಅಳಿಸಿಹೋಗುವ ಭಯವೂ ಇಲ್ಲ. ಎಸ್‌ಎಸ್‌ಡಿಯ ಡಬ್ಬದ ಮೇಲೆ 500 ಜಿಬಿ ಎಂದಿದ್ದರೂ ಇನ್‌ಸ್ಟಾಲರ್ ಪರದೆಯಲ್ಲಿ 465 ಎಂದು ಕಾಣುತ್ತದೆ. ಯಾರೂ ಮೋಸ ಮಾಡಿಲ್ಲ. ತಯಾರಕರ ಲೆಕ್ಕದಲ್ಲಿ ಒಂದು ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ ಲೆಕ್ಕದಲ್ಲಿ 1024×1024×1024, ಅಂದರೆ 107 ಕೋಟಿಗೂ ಹೆಚ್ಚು.

ಈ ಸಲ ಬೇರೆ ಡಿಸ್ಕ್ ಇಲ್ಲದ್ದರಿಂದ ಇಎಫ್‌ಐ ಪಾರ್ಟಿಷನ್ ಎಸ್‌ಎಸ್‌ಡಿಯಲ್ಲೇ ಹುಟ್ಟುತ್ತದೆ. ಆಮೇಲೆ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ, ಯುಇಎಫ್‌ಐ ಪರದೆಯ ಬೂಟ್ ಪಟ್ಟಿಯಲ್ಲಿ ಎಸ್‌ಎಸ್‌ಡಿಯನ್ನು ಮೊದಲು ಇಡಿ.