ಹಣೆಬರಹವೂ ಕೈಬರಹವೂ

ಅಧ್ಯಾಪಕನಾಗಿ ನಾನು ಮಾಡಿದ ತಪ್ಪುಗಳಲ್ಲೊಂದು ಹೊಗಳಿಕೆಯ ರೂಪದಲ್ಲಿತ್ತು. ಎಂ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಪ್ರಬಂಧದ ಅಂಚಿನಲ್ಲಿ, 'ಪ್ರತಿಭೆ ನಿನಗೆ ಹುಟ್ಟಿನಿಂದಲೇ ಬಂದಿದೆ' ಎಂದು ಕೆಂಪು ಮಸಿಯಲ್ಲಿ ಬರೆದೆ. ಮುಂದಿನ ಪರೀಕ್ಷೆಯಲ್ಲಿ ಹಳಗನ್ನಡ ಪದ್ಯಗಳ ಅನ್ವಯದಲ್ಲಿ ಆತ ಎಡವಿದ. ಆಮೇಲೆ ಕಠಿಣ ಪದ್ಯವನ್ನು ಓದಲು ಹೇಳಿದಾಗಲೆಲ್ಲ ಏನಾದರೊಂದು ನೆಪ ಹೂಡುತ್ತಿದ್ದ. ಬಹು ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಕಾರಣವನ್ನು ಆತನೇ ಹೇಳಿದ: "ತಪ್ಪು ಓದಿದರೆ ನೀವು ಬರೆದದ್ದು ಸುಳ್ಳಾಗುತ್ತದೆಂದು ಹೆದರುತ್ತಿದ್ದೆ, ಸರ್."

ಆ ಮಾತು ನನಗೆ ಪೂರ್ತಿಯಾಗಿ ಅರ್ಥವಾದದ್ದು ಮನಶ್ಶಾಸ್ತ್ರದ ಕೆಲವು ಬರಹಗಳನ್ನು ಓದಿದ ಮೇಲೆ. ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೆಯ ತರಗತಿಯ ಮಕ್ಕಳೊಡನೆ ನಡೆಸಿದ ಪ್ರಯೋಗಗಳನ್ನು 1998ರಲ್ಲಿ ಪ್ರಕಟಿಸಿದರು. ಕೊಟ್ಟ ಸಮಸ್ಯೆಗಳನ್ನು ಬಿಡಿಸಿದ ಮಕ್ಕಳಲ್ಲಿ ಕೆಲವರ ಬುದ್ಧಿಯನ್ನೂ ಕೆಲವರ ಶ್ರಮವನ್ನೂ ಹೊಗಳಲಾಯಿತು. ಮುಂದೆ ಕಠಿಣ ಸಮಸ್ಯೆಗಳೆದುರು ಸೋತಾಗ, ಬುದ್ಧಿಯ ಹೊಗಳಿಕೆ ಪಡೆದವರು ಬೇಗ ಉತ್ಸಾಹಗುಂದಿದರು. ಶ್ರಮದ ಹೊಗಳಿಕೆ ಪಡೆದವರು ಹೆಚ್ಚು ಪಟ್ಟುಹಿಡಿದರು.

ಇದಕ್ಕೂ ಮುಂಚೆ, 1966ರಲ್ಲಿ, ಜೂಲಿಯನ್ ರಾಟರ್ ಎಂಬ ವಿದ್ವಾಂಸರು ಮನುಷ್ಯರ ಇನ್ನೊಂದು ನಂಬಿಕೆಯನ್ನು ಅಳೆಯಹೊರಟಿದ್ದರು: ಫಲಾಫಲಗಳು ತನ್ನ ಕೈಯಲ್ಲಿವೆಯೇ, ಅದೃಷ್ಟದ ಹಾಗೂ ಪರರ ಕೈಯಲ್ಲಿವೆಯೇ? ನಮ್ಮ ಹಿರಿಯರು ದೈವ, ಪುರುಷಪ್ರಯತ್ನ ಎಂದು ವಾದಿಸುತ್ತ ಬಂದದ್ದು ಇದಕ್ಕೆ ದೂರವಾದುದಲ್ಲ. ಹುಟ್ಟುಪ್ರತಿಭೆಯೂ ಒಂದು ಬಗೆಯ ದೈವವೇ. ಅದು ಗಳಿಸಿದ್ದಲ್ಲವಾದ್ದರಿಂದ, ಕೈತಪ್ಪಿದರೆ ಮತ್ತೆ ಗಳಿಸುವ ದಾರಿಯೂ ತೋರದು. 'ನಾನು ಇಂಥವನು' ಎಂಬ ಭಾವ ಅದರ ಮೇಲೆಯೇ ನಿಂತಿದ್ದರೆ, ಒಂದು ತಪ್ಪು ಇಡೀ ವ್ಯಕ್ತಿತ್ವವನ್ನೇ ಅಲುಗಿಸುತ್ತದೆ. ನನ್ನ ಕೈಬರಹ ಆ ಹುಡುಗನ ಹಣೆಬರಹವಾಗಿಬಿಟ್ಟಿತ್ತು.

ಹಾಗೆಂದು ಶ್ರಮದ ಮಾತು ಮಂತ್ರವೂ ಅಲ್ಲ. ಬುದ್ಧಿ ಬೆಳೆಯಬಲ್ಲುದೆಂದು ತಿಳಿಸುವ, ಒಂದು ಗಂಟೆಗೂ ಕಡಿಮೆ ಅವಧಿಯ ಪಾಠವನ್ನು ಅಮೆರಿಕದ ಒಂಬತ್ತನೆಯ ತರಗತಿಯ ಸುಮಾರು 12,000 ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹಿಂದುಳಿದಿದ್ದ ಮಕ್ಕಳ ಅಂಕಗಳು ಏರಿದವು, ಆದರೆ ಅಲ್ಪವಾಗಿ. ಅದೂ ಸಹಪಾಠಿಗಳ ನಡವಳಿಕೆ ಇಂಬುಕೊಟ್ಟ ಶಾಲೆಗಳಲ್ಲಿ ಹೆಚ್ಚಾಗಿ. ಹಸಿದು ಬಂದವನಿಗೆ, ಪುಸ್ತಕವಿಲ್ಲದವಳಿಗೆ 'ಪ್ರಯತ್ನಪಡು' ಎಂದಷ್ಟೇ ಹೇಳುವುದು ನಿರ್ದಯೆ. ಪ್ರಯತ್ನಕ್ಕೆ ನೆಲವೂ ಬೇಕು, ದಾರಿಯೂ ಬೇಕು.

ಆ ಪ್ರಬಂಧ ಇಂದು ನನ್ನ ಕೈಗೆ ಬಂದರೆ ಹೊಗಳಿಕೆಯನ್ನು ಹೊಡೆದುಹಾಕಿ, ಅದೇ ಕೆಂಪು ಮಸಿಯಲ್ಲಿ ಹೀಗೆ ಬರೆಯುತ್ತೇನೆ: 'ವಾದವನ್ನು ಚೆನ್ನಾಗಿ ಕಟ್ಟಿದ್ದೀಯೆ. ಪದ್ಯದಲ್ಲಿ ಮೊದಲು ಕ್ರಿಯಾಪದವನ್ನು ಹುಡುಕು, ಆಮೇಲೆ ಕರ್ತೃವನ್ನು. ತಪ್ಪಿದರೆ ನಾಳೆ ಬಾ, ಕೂಡಿ ಓದೋಣ.'