ಗೋಣಿಚೀಲ ಹೊದ್ದ ಮೋಟರ್

ಇವತ್ತು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ನಮ್ಮ ಮಾವನ ಹಿಟ್ಟಿನ ಗಿರಣಿಯ ಮೋಟರ್ ಸುಟ್ಟಿದ್ದು ನನ್ನಿಂದ.

ಹಿಟ್ಟಿನ ಧೂಳು ಬೀಳಬಾರದು ಅಂತ ಮೋಟರ್ ಮೇಲೆ ಗೋಣಿಚೀಲ ಹೊದಿಸಿದ್ದೆ. ಮಾವನೂ ಶಹಬ್ಬಾಸ್ ಅಂದಿದ್ರು. ಬೇಸಿಗೆ ಮುಗಿಯೋ ಮೊದಲೇ ಸುಟ್ಟ ವಾಸನೆ, ಗಿರಣಿ ಬಂದ್. ಮಾವ ರಿವೈಂಡಿಂಗ್ ಅಂಗಡಿಯವರ ಮೇಲೆ ರೇಗಿದರು: "ಹೋದ ವರ್ಷ ತಾನೇ ಕಟ್ಟಿಕೊಟ್ಟಿದ್ದು, ತಂತಿ ಕಳಪೆ!"

ಅವರು ಮೋಟರ್ ಬಿಚ್ಚಿ ತೋರಿಸಿದರು. ಮೂರೂ ಫೇಸಿನ ಸುರುಳಿಗಳು ಒಂದೇ ಸಮ ಕಪ್ಪಾಗಿದ್ದವು. "ಒಂದು ಫೇಸ್ ಹೋಗಿದ್ರೆ ಕೆಲವು ಸುರುಳಿ ಮಾತ್ರ ಕರಕಲಾಗ್ತಿತ್ತು. ಇದಕ್ಕೆ ಗಾಳಿ ಸಿಕ್ಕಿಲ್ಲ," ಅಂದರು.

ಮೋಟರ್‌ನ ನೇಮ್‌ಪ್ಲೇಟ್ ನೋಡಿ. ಇನ್ಸುಲೇಷನ್ ಕ್ಲಾಸ್ ಅಂತ ಇರುತ್ತೆ. ಬಿ ಅಂದ್ರೆ 130 ಡಿಗ್ರಿ ಸೆಲ್ಸಿಯಸ್, ಎಫ್ 155, ಎಚ್ 180. ಈ ಮಿತಿ ತಾಮ್ರದ್ದಲ್ಲ. ತಾಮ್ರ ಕರಗೋದು ಸುಮಾರು 1,085 ಡಿಗ್ರಿಯಲ್ಲಿ. ಮೊದಲು ಸೋಲೋದು ತಂತಿ ಮೇಲಿನ ತೆಳು ಎನಾಮಲ್, ಸ್ಲಾಟಿನೊಳಗಿನ ಹಾಳೆ, ವಾರ್ನಿಷ್.

ಆ 155ರ ಲೆಕ್ಕ ಒಂದು ಬಜೆಟ್ ಇದ್ದಂಗೆ. ಸುತ್ತಲಿನ ಗಾಳಿಗೆ 40, ಮೋಟರ್ ಕೆಲಸ ಮಾಡುವಾಗ ಏರೋ ಬಿಸಿಗೆ 105, ಒಳಗೆ ಅತಿ ಬಿಸಿಯಾಗೋ ಜಾಗಕ್ಕೆ ಅಂತ 10. ಗಾಳಿ ತಡೆದರೆ ಈ ಬಜೆಟ್ ಮೀರುತ್ತೆ. ಮಿತಿ ಮೇಲೆ ಪ್ರತಿ 10 ಡಿಗ್ರಿಗೆ ಇನ್ಸುಲೇಷನ್ ಆಯಸ್ಸು ಅರ್ಧ ಆಗುತ್ತೆ ಅನ್ನೋದು ಎಂಜಿನಿಯರುಗಳ ಅಂದಾಜು ಸೂತ್ರ. 20 ಡಿಗ್ರಿ ಮೀರಿದರೆ ಕಾಲು ಭಾಗ. ಬಿ.ಕಾಂ ಭಾಷೇಲಿ ಹೇಳೋದಾದ್ರೆ ಇದು ಡಿಪ್ರಿಸಿಯೇಷನ್. ಮೋಟರ್ ಒಂದೇ ದಿನ ಸುಟ್ಟಂಗೆ ಕಂಡರೂ, ಸವೆತ ತಿಂಗಳುಗಟ್ಟಲೆ ನಡೆದಿರುತ್ತೆ.

"ಓವರ್‌ಲೋಡ್ ರಿಲೇ ಇತ್ತಲ್ಲ, ಯಾಕೆ ಟ್ರಿಪ್ ಆಗಲಿಲ್ಲ?" ಅಂತ ಕೇಳಿದೆ. ರಿಲೇ ನೋಡೋದು ಕರೆಂಟನ್ನ, ಬಿಸಿಯನ್ನಲ್ಲ. ಗೋಣಿಚೀಲ ಹೊದಿಸಿದ್ರೂ ಕರೆಂಟು ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಬಿಸಿ ಗೊತ್ತಾಗಬೇಕಂದ್ರೆ ಸುರುಳಿಯೊಳಗೇ ಥರ್ಮಿಸ್ಟರ್ ಇರಬೇಕು, ಅದಕ್ಕೊಂದು ಬೇರೆ ರಿಲೇ ಬೇಕು. ರಿವೈಂಡಿಂಗ್ ಮಾಡಿಸುವಾಗಲೇ ಅದನ್ನ ಹಾಕಿಸೋದು ಸುಲಭ. ಈ ಸಲ ಹಾಕಿಸಿದ್ವಿ.

ನಿಮ್ಮನೇಲೂ ಮೋಟರ್ ಇದ್ರೆ ಹಿಂದಿನ ಫ್ಯಾನ್ ಕವರಿಗೆ ಏನೂ ಅಡ್ಡ ಇಡಬೇಡಿ. ಮೈಮೇಲಿನ ರೆಕ್ಕೆಗಳ ಧೂಳನ್ನ ಆಗಾಗ ತೆಗೀರಿ, ಸ್ವಿಚ್ ಆಫ್ ಮಾಡಿಯೇ.

ಮಾವ ಅಂಗಡಿಯವರ ಹತ್ರ ಕ್ಷಮೆ ಕೇಳಿದರು. ಆಮೇಲೆ ಬಿಲ್ಲು ನನ್ನ ಕೈಗಿಟ್ಟು, "ಶಹಬ್ಬಾಸ್ ಅಂದಿದ್ದು ನನ್ನ ತಪ್ಪು. ಅದಕ್ಕೆ ಅರ್ಧ ನಂದು, ಅರ್ಧ ನಿಂದು," ಅಂದರು.