ಕಡಲಾಚೆಯ ಗಣಪತಿಯ ಅಡಿಗೆಮನೆಯಲ್ಲಿ

(ಬ್ರಹ್ಮಕಲಶೋತ್ಸವದ ಪೂರ್ವಭಾವಿ ಧಾರ್ಮಿಕ ಸಭೆಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ವಿದ್ವಾಂಸನಲ್ಲ, ಉಪನ್ಯಾಸ ಕೊಟ್ಟು ಅಭ್ಯಾಸವೂ ಇಲ್ಲ. "ಮಾಷ್ಟ್ರೇ, ಅಮೆರಿಕದಲ್ಲಿ ನೀವಿಬ್ಬರೂ ದೇವಸ್ಥಾನದ ಸೇವೆ ಮಾಡಿದ್ದೀರಂತೆ, ಅದನ್ನೇ ನಾಲ್ಕು ಮಾತಿನಲ್ಲಿ ಹೇಳಿ" ಎಂದು ಸಮಿತಿಯವರು ಒತ್ತಾಯಿಸಿದ್ದರಿಂದ ನಿಂತಿದ್ದೇನೆ.

ಮೊದಲೇ ಒಂದು ಮಾತು ತಿಳಿಸಿಬಿಡುತ್ತೇನೆ. ಆ ದೇಶದ ಮಾರ್ಮನ್ ಎಂಬ ಕ್ರೈಸ್ತ ಪಂಥದಲ್ಲಿ ನಿವೃತ್ತರಾದ ದಂಪತಿಗಳು ಸ್ವಂತ ಖರ್ಚಿನಲ್ಲಿಯೇ ತಿಂಗಳುಗಟ್ಟಲೆ, ಕೆಲವರು ಎರಡು ವರ್ಷದ ತನಕವೂ, ದೂರದೇಶಗಳಿಗೆ ಧರ್ಮಸೇವೆಗೆಂದು ಹೋಗುವ ಪದ್ಧತಿಯಿದೆ. ನಮ್ಮದು ಅಂಥ ಸಂಕಲ್ಪವಲ್ಲ. 2018ರ ಆಗಸ್ಟಿನಲ್ಲಿ ಮಗನ ಮನೆಗೆಂದು ನ್ಯೂಯಾರ್ಕಿಗೆ ಹೋದೆವು. ಮಗ, ಸೊಸೆ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ನಾಲ್ಕು ಗೋಡೆಯ ನಡುವೆ ಹೊತ್ತು ಹೋಗದೆ ದೇವಸ್ಥಾನ ಹುಡುಕಿದೆವು. ಅಷ್ಟೇ ಸಂಗತಿ.

ಫ್ಲಶಿಂಗ್ ಎಂಬ ಆ ಪೇಟೆಯಲ್ಲಿ ಚೀನಾ, ಕೊರಿಯಾದವರೇ ಹೆಚ್ಚು. ಅಂಗಡಿಯ ಬೋರ್ಡುಗಳು ಯಾವ ಲಿಪಿಯೋ ನಮಗೆ ತಿಳಿಯದು. ಅದರ ನಡುವೆ ಬೌನ್ ಸ್ಟ್ರೀಟಿನಲ್ಲಿ ಶ್ರೀ ಮಹಾವಲ್ಲಭ ಗಣಪತಿ ದೇವಸ್ಥಾನ. ಹಿಂದೆ ಅಲ್ಲಿ ರಷ್ಯನ್ ಚರ್ಚು ಇತ್ತಂತೆ. ಅಳಗಪ್ಪ ಅಳಗಪ್ಪನ್ ಮೊದಲಾದವರು 1970ರಲ್ಲಿ ಸೊಸೈಟಿ ಕಟ್ಟಿ, ನಮ್ಮ ದೇಶದ ಶಿಲ್ಪಿಗಳು ಕೆತ್ತಿದ ಕಲ್ಲು ತರಿಸಿ, 1977ರ ಜುಲೈ 4ರಂದು ಪ್ರತಿಷ್ಠೆ ನಡೆಸಿದರು. ಆ ಬೀದಿಯ ಹೆಸರಿನದೂ ಒಂದು ಕಥೆ. 1662ರಲ್ಲಿ ಜಾನ್ ಬೌನ್ ಎಂಬಾತ ಕ್ವೇಕರರೆಂಬ ಪಂಥದವರಿಗೆ ತನ್ನ ಮನೆಯಲ್ಲಿ ಪ್ರಾರ್ಥನೆ ಮಾಡಲು ಬಿಟ್ಟದ್ದಕ್ಕೆ ಡಚ್ಚರ ಗವರ್ನರ್ ಅವನನ್ನು ಸೆರೆಗೆ ಹಾಕಿ ಗಡೀಪಾರು ಮಾಡಿದ. ಹಾಲೆಂಡಿನ ಕಂಪೆನಿಯವರು ಮರುವರ್ಷ ಗವರ್ನರನದೇ ತಪ್ಪೆಂದು ಬರೆದು ಕಳುಹಿಸಿದರು. ಆತನ ಮನೆ ಇನ್ನೂ ಅದೇ ಬೀದಿಯಲ್ಲಿದೆ. 2022ರಲ್ಲಿ ದೇವಸ್ಥಾನದ ಎದುರಿನ ಭಾಗಕ್ಕೆ ಗಣೇಶ ಟೆಂಪಲ್ ಸ್ಟ್ರೀಟ್ ಎಂಬ ಹೆಸರನ್ನೂ ಸೇರಿಸಿದ್ದಾರೆ.

ನಮ್ಮ ದಿನಚರಿ ಹೇಳಬೇಕಲ್ಲ. ಬೆಳಗ್ಗೆ ಐದಕ್ಕೆ ಸ್ನಾನ, ಜಪ, ಕಾಫಿ. ಎಂಟರ ಸುಮಾರಿಗೆ ಹೊರಟರೆ ಕಾಲುಗಂಟೆಯ ನಡಿಗೆ. ನಾನು ಮೂವತ್ತೆರಡು ವರ್ಷ ಮಕ್ಕಳಿಗೆ ಕಲಿಸಿದವನು. ಗೀತೆಯ ಪಾಠವನ್ನೋ ಏನನ್ನೋ ಹೇಳಿಸಿಯಾರೆಂದು ಒಳಗೊಳಗೆ ಒಂದು ಆಸೆ ಇತ್ತು. ಸಿಕ್ಕಿದ ಕೆಲಸ ತೆಂಗಿನಕಾಯಿ ಜುಟ್ಟು ತೆಗೆಯುವುದು, ಚಪ್ಪಲಿ ಸಾಲಾಗಿ ಇಡುವುದು, ಕುಂಬಳಕಾಯಿ ಹೆಚ್ಚುವುದು. ಇವಳು ಹೂ ಕಟ್ಟುತ್ತಿದ್ದಳು. ಬಾಳೆನಾರು ಇಲ್ಲ, ನೂಲಿನಲ್ಲಿ ಕಟ್ಟಬೇಕು. ಮೊದಲ ವಾರ ಇವಳ ಮಾಲೆ ಜಾರಿ ಜಾರಿ ಬೀಳುತ್ತಿತ್ತು.

ದೇವಸ್ಥಾನದ ಕೆಳಗಿನ ಅಂತಸ್ತಿನಲ್ಲಿ ಕ್ಯಾಂಟೀನು. ಅಲ್ಲಿಯ ದೋಸೆಗೆ ಬೇರೆ ಬೇರೆ ದೇಶದವರೂ ಹುಡುಕಿಕೊಂಡು ಬರುತ್ತಾರೆ. ಆ ನಗರದ ನಿಯಮದಂತೆ ತಿನ್ನಲು ತಯಾರಾದ ಆಹಾರವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ತಲೆಗೂದಲು ಮುಚ್ಚಿರಬೇಕು. ಇವಳಿಗೆ ಅದು ದೊಡ್ಡ ಸಂಕಟ. "ಕೈಗವಸು ಹಾಕಿ ಕೋಸಂಬರಿ ಕಲಸಿದರೆ ಉಪ್ಪು ಕೈಗೆ ಗೊತ್ತಾಗುವುದು ಹೇಗೆ?" ಎಂದು ಮನೆಗೆ ಬಂದು ಗೊಣಗಿದಳು. ಎರಡು ತಿಂಗಳಾದ ಮೇಲೆ ಮನೆಯಲ್ಲಿಯೂ ಕೈಗವಸು ಹುಡುಕತೊಡಗಿದಳು!

ಇವಳಿಗೆ ಇಂಗ್ಲಿಷು ಬಾರದು. ತಮಿಳು, ತೆಲುಗಿನವರ ನಡುವೆ ಮೂಕಿಯಂತೆ ಕುಳಿತಿರುತ್ತಿದ್ದಳು. ಒಂದು ದಿನ ಪಾಲಕ್ಕಾಡಿನ ಒಬ್ಬರು ಹಿರಿಯ ತಾಯಿ ಮಲಯಾಳದಲ್ಲಿ ಏನೋ ಕೇಳಿದರು. ಇವಳು ಸಂತೆಯಲ್ಲಿ ಕಲಿತ ಮಲಯಾಳದಲ್ಲಿ ಉತ್ತರ ಕೊಟ್ಟಳು. ಅಂದಿನಿಂದ ಇಬ್ಬರೂ ಬಿಟ್ಟಿರಲಾರದ ಅಕ್ಕತಂಗಿಯರಾದರು. ನಾನಾದರೋ 1967ರಲ್ಲಿ ಮಹಾಜನ ವರದಿ ಬಂದಾಗ, ಚಂದ್ರಗಿರಿಯ ಬಡಗಣ ನಾಡು ಕನ್ನಡಕ್ಕೆ ಸೇರಲಿ ಎಂದು ಕೂಗಿ ಮೆರವಣಿಗೆ ಹೋದವನು. ಆಗ ನನಗೆ ಹತ್ತೊಂಬತ್ತು. ಆ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಆದರೆ ಕಡಲಾಚೆ ನನ್ನ ಹೆಂಡತಿಯ ಒಂಟಿತನ ಕಳೆದದ್ದು ಮಲಯಾಳವೇ. ಇದನ್ನು ಈ ಊರಿನಲ್ಲಿ ನಿಂತು ಹೇಳಲು ಸ್ವಲ್ಪ ಧೈರ್ಯ ಬೇಕು.

ಚೌತಿ ಕಳೆದು ಆ ಪೇಟೆಯ ಬೀದಿಯಲ್ಲಿ ರಥ ಎಳೆದರು. ಪೊಲೀಸರು ವಾಹನಗಳನ್ನು ತಡೆದು ದಾರಿ ಮಾಡಿಕೊಟ್ಟರು. ಆ ರಾತ್ರಿ ಊರಿಗೆ ಫೋನು ಮಾಡಿ ಅಣ್ಣನಿಗೆ ಎಲ್ಲ ವರ್ಣಿಸಿದೆ. ಒಂದು ಗೋಣಿ ಕುಂಬಳಕಾಯಿ ಹೆಚ್ಚಿದೆನೆಂದೂ ಹೇಳಿದೆ. ಅಣ್ಣನನ್ನು ನೀವೆಲ್ಲ ಬಲ್ಲಿರಿ. ಐವತ್ತು ವರ್ಷ ಈ ಅಂಗಳ ಗುಡಿಸಿದವರು, ಇಲ್ಲಿಯ ಪಾಕಶಾಲೆಯಲ್ಲಿ ತರಕಾರಿ ಹೆಚ್ಚಲು ಮೊದಲು ಬಂದು ಕುಳಿತುಕೊಳ್ಳುತ್ತಿದ್ದವರು. ಕರೆದಾಗಲೆಲ್ಲ ನಾನು ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದವನು. ಅಣ್ಣ ನಕ್ಕರು. "ಇಲ್ಲಿ ಒಂದು ಸೌತೆಕಾಯಿ ಹೆಚ್ಚದವನು ಅಲ್ಲಿಗೆ ಹೋಗಿ ಹೆಚ್ಚಿದೆಯಾ? ಬಾ, ಇಲ್ಲಿಯೂ ಮೆಟ್ಟುಕತ್ತಿ ಇದೆ" ಎಂದರು.

ನವೆಂಬರ್ ನಡುವಿನಲ್ಲಿಯೇ ಹಿಮ ಬಿತ್ತು. ಇವಳು ಸೀರೆಯ ಮೇಲೆ ಸೊಸೆಯ ದೊಡ್ಡ ಕೋಟು ತೊಟ್ಟು, ನನ್ನ ತೋಳು ಹಿಡಿದು ನಡೆಯುತ್ತಿದ್ದಳು. ನಲುವತ್ತು ವರ್ಷದ ಸಂಸಾರದಲ್ಲಿ ಹೀಗೆ ಕೈಹಿಡಿದು ಬೀದಿಯಲ್ಲಿ ನಡೆದದ್ದು ಅದೇ ಮೊದಲು. ಇಲ್ಲಿ ನಡೆದಿದ್ದರೆ ನೀವೇ ನಗುತ್ತಿದ್ದಿರಿ.

ಡಿಸೆಂಬರಿನ ಒಂದು ಸಂಜೆ ಆರೂವರೆಗೆ ಫೋನು ಬಂತು. ಇಲ್ಲಿ ಮರುದಿನದ ಬೆಳಗ್ಗೆ ಐದು ಗಂಟೆ. ಅಣ್ಣ ಹೋಗಿದ್ದರು. ಎಷ್ಟು ಬೇಗ ಹೊರಟರೂ ಮುಖ ನೋಡಲು ಆಗುವಂತಿರಲಿಲ್ಲ; ಮಕ್ಕಳು ಕಾಯಲೂ ಇಲ್ಲ, ಕಾಯಬೇಕೆಂದು ನಾನು ಹೇಳಲೂ ಇಲ್ಲ. ಹತ್ತು ದಿನ ಸೂತಕ. ದೇವಸ್ಥಾನಕ್ಕೆ ಹೋಗುವಂತಿಲ್ಲ. ಎಂಟು ಗಂಟೆಯಾದರೆ ಕಾಲು ಬಾಗಿಲ ಕಡೆಗೆ ಹೋಗುತ್ತಿತ್ತು. ಇವಳು ಏನೂ ಹೇಳದೆ ಒಂದು ಸೋರೆಕಾಯಿ, ಒಂದು ಚೂರಿ ನನ್ನ ಮುಂದೆ ಇಡುತ್ತಿದ್ದಳು. ಕುಳಿತು ಹೆಚ್ಚುತ್ತಿದ್ದೆ. ಹನ್ನೊಂದನೆಯ ದಿನ ಪಾಲಕ್ಕಾಡಿನ ಆ ತಾಯಿ ಮನೆಗೇ ಬಂದು ನಮ್ಮನ್ನು ಕರೆದುಕೊಂಡು ಹೋದರು.

ಫೆಬ್ರವರಿಯಲ್ಲಿ ಊರಿಗೆ ಬಂದೆವು. ಅತ್ತಿಗೆ ಅಣ್ಣನ ಮೆಟ್ಟುಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಹಿಡಿ ಸವೆದಿದೆ, ಬಾಯಿ ಇನ್ನೂ ಹರಿತವೇ ಇದೆ. ಅಂದಿನಿಂದ ಅದರ ಜಾಗ ಇಲ್ಲಿಯ ಪಾಕಶಾಲೆಯ ಮೂಲೆಯಲ್ಲಿ, ನನ್ನದೂ ಅಲ್ಲಿಯೇ.

ನಾಡಿದ್ದು ಹಸಿರುವಾಣಿ ಹೊರೆಕಾಣಿಕೆ ಬರುತ್ತದೆ. ಸಂಜೆ ಐದರಿಂದ ತರಕಾರಿ ಹೆಚ್ಚುವ ಕೆಲಸ. ಪಾಕಶಾಲೆಯಲ್ಲಿರುವುದು ಹತ್ತೇ ಮೆಟ್ಟುಕತ್ತಿ. ಮನೆಯಲ್ಲಿ ಇರುವವರು ದಯವಿಟ್ಟು ತನ್ನಿ, ಹಿಡಿಯ ಮೇಲೆ ಹೆಸರು ಬರೆದಿದ್ದರೆ ಮರಳಿಸಲು ಸುಲಭ.